ಸಾಲಗ್ರಾಮ ಸಂಗ್ರಹದ ಕಥೆ

ಸುಳ್ಯ ತಾಲ್ಲೂಕಿನ ಮರ್ಕಂಜ ಪಶ್ಚಿಮ ಘಟ್ಟದ ಬುಡದಲ್ಲಿರುವ ಒಂದು ಗ್ರಾಮ. ತಗ್ಗಿನಲ್ಲಿ ಅಡಕೆಯ ತೋಟ, ತೋಟದ ಮಗ್ಗುಲಲ್ಲಿ ತೋಡು, ಅದರ ಮೇಲಕ್ಕೆ ಗುಡ್ಡ, ಗುಡ್ಡದ ಹಿಂದೆ ಕಾಡು. ಬಾವಿ ತೋಡಿಸಿದವರಿಗೆಲ್ಲ ಅಲ್ಲಿಯ ನೆಲದ ಗುಟ್ಟು ತಿಳಿದದ್ದೇ. ಮೊದಲು ಕೆಂಪು ಮುರಕಲ್ಲು, ಅದರ ಕೆಳಗೆ ಜೇಡಿಮಣ್ಣು, ಅದಕ್ಕೂ ಕೆಳಗೆ ಗುದ್ದಲಿಗೆ ಬಗ್ಗದ ಬಂಡೆ. ಈ ಬಂಡೆ ಸಾಮಾನ್ಯವಾದುದಲ್ಲ. ನಮ್ಮ ಕರಾವಳಿ ಮತ್ತು ಮಲೆನಾಡಿನ ತಳಗಲ್ಲುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಮಿಕ್ಕಿದ್ದೆಂದು ಭೂಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಅವು ರೂಪುಗೊಂಡ ಕಾಲದಲ್ಲಿ ಭೂಮಿಯ ಮೇಲೆ ಚಿಪ್ಪುಳ್ಳ ಪ್ರಾಣಿ ಒಂದಾದರೂ ಹುಟ್ಟಿರಲಿಲ್ಲ. ಆದುದರಿಂದ ಮರ್ಕಂಜದಲ್ಲಿ ಎಷ್ಟು ಆಳಕ್ಕೆ ಅಗೆದರೂ ಕಲ್ಲಾದ ಶಂಖವಾಗಲಿ ಚಿಪ್ಪಾಗಲಿ ಸಿಕ್ಕುವಂತಿಲ್ಲ.

ಆದರೆ ಅದೇ ಮರ್ಕಂಜದ ಕೆಲವು ಹಳೆಯ ಮನೆಗಳ ದೇವರ ಕೋಣೆಗೆ ಹೋಗಿ ನೋಡಿ. ತಾಮ್ರದ ಸಂಪುಟದಲ್ಲಿ, ತುಲಸೀದಳದ ಕೆಳಗೆ, ಕಪ್ಪಾದ ನುಣುಪಾದ ಉರುಟು ಕಲ್ಲುಗಳಿರುತ್ತವೆ. ಕೆಲವಕ್ಕೆ ಒಂದು ಬಾಯಿ. ಆ ಬಾಯೊಳಗೆ ದೀಪ ಹಿಡಿದು ನೋಡಿದರೆ ಸುರುಳಿ ಸುರುಳಿಯಾಗಿ ಏಣುಗಳುಳ್ಳ ಚಕ್ರ. ಇವೇ ಸಾಲಗ್ರಾಮಗಳು. ಈ ಚಕ್ರವು ಸುಮಾರು 15 ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲಿ ಈಜಾಡುತ್ತಿದ್ದ ಅಮ್ಮೊನೈಟ್ ಎಂಬ ಜೀವಿಯ ಚಿಪ್ಪಿನ ಗುರುತು. ನಮ್ಮ ನೆಲದಲ್ಲಿ ಇಲ್ಲದ ವಸ್ತು ನಮ್ಮ ಮನೆಗಳಲ್ಲಿ ಇರಬೇಕಾದರೆ ಅದನ್ನು ಯಾರೋ ಹುಡುಕಿ, ಆರಿಸಿ, ಹೊತ್ತು ತಂದಿರಬೇಕು. ಹಾಗೆ ತಂದವರನ್ನು ನಾವು ಯಾತ್ರಿಕರೆಂದು ಕರೆಯುತ್ತೇವೆ. ಅಪೂರ್ವವಾದ ಪಳೆಯುಳಿಕೆಗಳನ್ನು ಸಂಗ್ರಹಿಸಿದ ಈ ದೇಶದ ಮೊದಲ ಸಂಗ್ರಾಹಕರೂ ಅವರೇ ಎಂಬುದು ನನ್ನ ಮತ. ಅವರ ಸಂಗ್ರಹದ ಗುಣವೇನು, ಕೊರತೆಯೇನು ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಅಮ್ಮೊನೈಟ್ ಎಂತಹ ಪ್ರಾಣಿ ಎಂಬುದನ್ನು ಮೊದಲು ತಿಳಿಯೋಣ. ಮಂಗಳೂರು, ಮಲ್ಪೆಯ ಬಂದರುಗಳಲ್ಲಿ ಬೊಂಡಾಸ ಎಂದು ಮಾರುವ ಮೃದುವಾದ ಕಡಲಜೀವಿ ಉಂಟಷ್ಟೆ, ಅಮ್ಮೊನೈಟ್ ಅದರ ದೂರದ ನೆಂಟ. ಬೊಂಡಾಸಕ್ಕೆ ಹೊರಚಿಪ್ಪಿಲ್ಲ, ಇದಕ್ಕೆ ಸುರುಳಿಯಾದ ಚಿಪ್ಪಿತ್ತು. ಚಿಪ್ಪಿನೊಳಗೆ ಅಡ್ಡಗೋಡೆಗಳಿದ್ದು ಅನೇಕ ಕೋಣೆಗಳಾಗಿದ್ದವು. ಪ್ರಾಣಿ ಬೆಳೆದಂತೆಲ್ಲ ಮುಂದಕ್ಕೆ ಸರಿದು, ಹಿಂದೆ ಒಂದು ಗೋಡೆ ಕಟ್ಟಿಕೊಂಡು, ತಾನು ಹೊರಗಿನ ಕೊನೆಯ ಕೋಣೆಯಲ್ಲಿ ಮಾತ್ರ ವಾಸ ಮಾಡುತ್ತಿತ್ತು. ಹಿಂದಿನ ಬರಿಗೋಣೆಗಳಲ್ಲಿ ತುಂಬಿದ ಗಾಳಿಯಿಂದ ಅದಕ್ಕೆ ನೀರಿನಲ್ಲಿ ತೇಲುವ ಅನುಕೂಲ. ಈ ಕುಲದ ಜೀವಿಗಳು ಸುಮಾರು 40 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡು, 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ದೈತ್ಯ ಸರೀಸೃಪಗಳು ಅಳಿದ ಕಾಲದಲ್ಲಿಯೇ ನಿಶ್ಶೇಷವಾದವು. ನಮ್ಮ ಉತ್ತರ ಕರ್ನಾಟಕದ ಕಪ್ಪು ಎರೆಭೂಮಿಗೆ ಕಾರಣವಾದ ಲಾವಾಪ್ರವಾಹಗಳು ಹರಿದದ್ದೂ ಹೆಚ್ಚುಕಡಮೆ ಅದೇ ಕಾಲ.

ಸಮುದ್ರದ ಪ್ರಾಣಿ ಹಿಮಾಲಯದ ನದಿಗೆ ಬಂದುದು ಹೇಗೆ? ಈಗ ಹಿಮಾಲಯವಿರುವ ಎಡೆಯಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು. ಆಸ್ಟ್ರಿಯಾದ ಭೂಶಾಸ್ತ್ರಜ್ಞ ಎಡ್ವರ್ಡ್ ಸ್ಯೂಸ್ 1893ರಲ್ಲಿ ಅದಕ್ಕೆ ಟೆಥಿಸ್ ಎಂಬ ಹೆಸರಿಟ್ಟನು. ಸತ್ತ ಅಮ್ಮೊನೈಟುಗಳ ಚಿಪ್ಪುಗಳು ಅದರ ತಳದ ಕಪ್ಪು ಕೆಸರಿನಲ್ಲಿ ಹೂತುಹೋದವು. ಚಿಪ್ಪಿನ ಸುತ್ತ ಕೆಸರು ಗಟ್ಟಿಗಟ್ಟಿ ಉಂಡೆಯಾಯಿತು; ಉಳಿದ ಕೆಸರು ಪದರು ಪದರಾದ ಜೇಡಿಗಲ್ಲಾಯಿತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಭಾಗವು ಉತ್ತರದ ಭೂಭಾಗವನ್ನು ಒತ್ತಲು ಆರಂಭಿಸಲಾಗಿ ಕಡಲ ತಳವೇ ಮಡಿಕೆಬಿದ್ದು ಮೇಲೆದ್ದಿತು. ನೇಪಾಳದ ಮುಕ್ತಿನಾಥ ಕ್ಷೇತ್ರ ಈಗ ಸುಮಾರು 3,700 ಮೀಟರ್ ಎತ್ತರದಲ್ಲಿದೆ. ಆ ಪ್ರಾಂತದ ಜೇಡಿಗಲ್ಲನ್ನು ಕಾಲಿಗಂಡಕಿಯೂ ಅದರ ಉಪನದಿಗಳೂ ಕೊರೆಯುತ್ತವೆ. ಮೆದುವಾದ ಜೇಡಿ ಕರಗಿ ಹೋಗುತ್ತದೆ, ಗಟ್ಟಿಯಾದ ಉಂಡೆ ಹೊರಳುತ್ತ ನುಣುಪಾಗುತ್ತದೆ. ಕೆಲವಲ್ಲಿ ಗಂಧಕ ಬೆರೆತ ಕಬ್ಬಿಣದ ಖನಿಜ ಸೇರಿಕೊಂಡು ಚಿನ್ನದಂತೆ ಮಿನುಗುತ್ತದೆ. ನಮ್ಮ ಹಿರಿಯರು ಸುವರ್ಣರೇಖೆಯೆಂದು ಹೇಳುತ್ತಿದ್ದುದು ಇದನ್ನೇ.

ರೈಲಿಲ್ಲದ ಕಾಲದಲ್ಲಿ ತುಳುನಾಡಿನಿಂದ ಅಲ್ಲಿಗೆ ಹೋಗಿ ಬರುವುದೆಂದರೇನೆಂದು ಯೋಚಿಸಿರಿ. ಘಟ್ಟವನ್ನು ಹತ್ತಬೇಕು, ಕೃಷ್ಣೆ, ಗೋದಾವರಿ, ನರ್ಮದೆಗಳನ್ನು ದಾಟಬೇಕು, ಕಾಶಿಯನ್ನು ಸೇರಬೇಕು, ಅಲ್ಲಿಂದ ಮುಂದೆ ಪರ್ವತಪ್ರದೇಶ. ಹೊರಡುವವರು ಮನೆಯವರಿಗೆ ಕಡೆಯ ಮಾತು ಹೇಳಿಯೇ ಹೊರಡುತ್ತಿದ್ದರು. ಎಲ್ಲರೂ ಮುಕ್ತಿನಾಥದವರೆಗೆ ಹೋದವರಲ್ಲ. ಕಾಶಿಯಲ್ಲಿ ಸಾಧುಗಳ ಕೈಯಿಂದ ಪಡೆದು ತಂದವರೂ ಉಂಟು. ಹೇಗೆ ತಂದರೂ, ಹೆಗಲ ಜೋಳಿಗೆಯಲ್ಲಿ ಹೊರಬೇಕಾದ ವಸ್ತು ಕಲ್ಲು. ಆದುದರಿಂದ ಆರಿಸಿಯೇ ತರುತ್ತಿದ್ದರು. ಸಾಲಗ್ರಾಮಕ್ಕೆ ಬೆಲೆ ಕಟ್ಟಬಾರದು, ಮಾರುವವನಿಗೂ ಕೊಳ್ಳುವವನಿಗೂ ಪಾಪ ಎಂದು ಪುರಾಣವಚನವಿದೆ. ಬೆಲೆಯಿಲ್ಲದ ವಸ್ತುವಾದ್ದರಿಂದಲೇ ಅದು ಎಷ್ಟೋ ಬಡತನಗಳನ್ನು ದಾಟಿ ಮನೆಗಳಲ್ಲಿ ಉಳಿದುಕೊಂಡಿತು. ಚಿನ್ನದ ಪದಕ ಅಡವಿಗೆ ಹೋಯಿತು, ಕಂಚಿನ ಹಂಡೆ ಸಾಲಕ್ಕೆ ಹೋಯಿತು. ಸಾಲಗ್ರಾಮ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಮನೆಗಳಲ್ಲಿದ್ದಂತೆ ಮಠಗಳಲ್ಲಿಯೂ ಇವುಗಳ ಸಂಗ್ರಹವಿತ್ತು. ಮರ್ಕಂಜಕ್ಕೆ ಬಹುದೂರವಲ್ಲದ ಸುಬ್ರಹ್ಮಣ್ಯದ ನರಸಿಂಹ ಮಠದಲ್ಲಿ ಸಂಪುಟ ನರಸಿಂಹನೆಂದು ಪ್ರಸಿದ್ಧವಾದ ಆರಾಧ್ಯಮೂರ್ತಿ ಇದೆ. ಮಧ್ವಾಚಾರ್ಯರು ತಮ್ಮ ಅನುಜರಾದ ವಿಷ್ಣುತೀರ್ಥರಿಗೆ ಈ ಸಂಪುಟವನ್ನು ಕೊಟ್ಟರೆಂದೂ ಅದರೊಳಗೆ ಸಾಲಗ್ರಾಮಗಳಿವೆಯೆಂದೂ ಸಂಪ್ರದಾಯ. ಅದನ್ನು ಬಲವಂತದಿಂದ ತೆರೆಯಿಸಲು ಹೊರಟ ಅರಸನೊಬ್ಬನಿಗೆ ಕೇಡಾಯಿತೆಂಬ ಐತಿಹ್ಯವೂ ಉಂಟು. ಬದರಿಯಲ್ಲಿ ವ್ಯಾಸರು ಆಚಾರ್ಯರಿಗೆ ಅನುಗ್ರಹಿಸಿದರೆನ್ನುವ ಎಂಟು ವ್ಯಾಸಮುಷ್ಟಿಗಳ ಕಥೆಯೂ ಮಾಧ್ವರಲ್ಲಿ ಪ್ರಸಿದ್ಧ. ಉಡುಪಿಗೆ ಉತ್ತರದಲ್ಲಿ ಗುರುನರಸಿಂಹನ ಸನ್ನಿಧಿಯುಳ್ಳ ಊರಿಗೂ, ಮೈಸೂರು ಸೀಮೆಯಲ್ಲಿ ರಾಮಾನುಜಾಚಾರ್ಯರ ಸ್ಮರಣೆಯುಳ್ಳ ಇನ್ನೊಂದು ಊರಿಗೂ ಸಾಲಿಗ್ರಾಮವೆಂದೇ ಹೆಸರು. ಗಂಡಕಿಯ ಕಲ್ಲು ಕನ್ನಡನಾಡಿನ ಮನೆ, ಮಠ, ಊರ ಹೆಸರು ಮೂರರಲ್ಲಿಯೂ ನೆಲೆಯಾಗಿರುವುದಕ್ಕೆ ಇಷ್ಟು ನಿದರ್ಶನ ಸಾಕು.

ಈ ಸಂಗ್ರಾಹಕರಿಗೆ ಒಂದು ಶಾಸ್ತ್ರವಿತ್ತು. ಅಗ್ನಿಪುರಾಣ, ಗರುಡಪುರಾಣ ಮೊದಲಾದುವುಗಳಲ್ಲಿ ಸಾಲಗ್ರಾಮಗಳ ಲಕ್ಷಣವನ್ನು ವಿಸ್ತಾರವಾಗಿ ಹೇಳಿದೆ. ಬಣ್ಣ, ಆಕಾರ, ಬಾಯಿಯ ಅಗಲ, ರೇಖೆಗಳ ಬಗೆ, ಚಕ್ರಗಳ ಸಂಖ್ಯೆ ಇವುಗಳಿಂದ ಒಂದೊಂದಕ್ಕೂ ಹೆಸರು. ಅಗ್ನಿಪುರಾಣದ ಒಂದು ಕ್ರಮದಂತೆ ಚಕ್ರ ಒಂದಾದರೆ ಸುದರ್ಶನ, ಎರಡಾದರೆ ಲಕ್ಷ್ಮೀನಾರಾಯಣ, ನಾಲ್ಕಾದರೆ ಜನಾರ್ದನ, ಐದಾದರೆ ವಾಸುದೇವ. ಹತ್ತಾದರೆ ದಶಾವತಾರ, ಹನ್ನೆರಡನ್ನು ಮೀರಿದರೆ ಅನಂತ. ಅಗಲವಾದ ಬಾಯುಳ್ಳದ್ದು ನರಸಿಂಹ, ಮೀನಿನಂತೆ ನೀಳವಾದದ್ದು ಮತ್ಸ್ಯ, ಆಮೆಯ ಬೆನ್ನಿನಂತೆ ಉಬ್ಬಿದ್ದು ಕೂರ್ಮ. ಕಣ್ಣಿಗೆ ಕಾಣುವ ಲಕ್ಷಣಗಳಿಂದ ವಸ್ತುಗಳನ್ನು ವಿಂಗಡಿಸಿ, ಹೆಸರಿಟ್ಟು, ಕಲಿಯುವವನಿಗೆ ಕಲಿಸುವುದೇ ವರ್ಗೀಕರಣವಾದರೆ ಇದೂ ವರ್ಗೀಕರಣವೇ. ಚಕ್ರ ಹೇಗೆ ಬಂತು ಎಂಬ ಪ್ರಶ್ನೆಯನ್ನೂ ಹಿರಿಯರು ಬಿಟ್ಟಿರಲಿಲ್ಲ. ವಜ್ರಕೀಟವೆಂಬ ಹುಳು ತನ್ನ ವಜ್ರದಂತಹ ಹಲ್ಲಿನಿಂದ ಕಲ್ಲನ್ನು ಕೊರೆದು ಒಳಗೆ ವಾಸ ಮಾಡಿತೆಂದು ಅವರ ಉತ್ತರ. ಜೀವಿಯೊಂದು ಕಲ್ಲನ್ನು ಹೊಕ್ಕಿತೆಂದು ಅವರು ತಿಳಿದರು. ಜೀವಿಯ ಸುತ್ತ ಕಲ್ಲು ಬೆಳೆಯಿತೆಂದು ಇಂದಿನ ಶಾಸ್ತ್ರ ಹೇಳುತ್ತದೆ. ಆ ಗುರುತು ಜೀವಿಯದೇ ಎಂಬ ಮಟ್ಟಿಗೆ ಎರಡೂ ಒಂದೇ.

ಈ ಕಲ್ಲನ್ನು ದೇವರೊಡನೆ ಸೇರಿಸಿದವರು ನಾವು ಮಾತ್ರವಲ್ಲ. ಪ್ರಾಚೀನ ಈಜಿಪ್ಟಿನ ಅಮ್ಮನ್ ದೇವರನ್ನು ಟಗರಿನ ಕೊಂಬುಗಳೊಡನೆ ಚಿತ್ರಿಸುತ್ತಿದ್ದರು. ಮೊದಲನೆಯ ಶತಮಾನದ ರೋಮನ್ ಪಂಡಿತ ಪ್ಲಿನಿ, ಅಮ್ಮನ್ನನ ಕೊಂಬೆಂಬ ಹೊಂಬಣ್ಣದ ಕಲ್ಲು ಇಥಿಯೋಪಿಯಾದ ಅತಿ ಪವಿತ್ರ ಶಿಲೆಗಳಲ್ಲೊಂದೆಂದೂ ಅದರಿಂದ ಭವಿಷ್ಯವನ್ನು ಸೂಚಿಸುವ ಕನಸುಗಳು ಬೀಳುವುವೆಂದೂ ಬರೆದಿದ್ದಾನೆ. ಅಮ್ಮೊನೈಟ್ ಎಂಬ ಹೆಸರು ಅಲ್ಲಿಂದಲೇ ಬಂದುದು. ಇಂಗ್ಲೆಂಡಿನ ವಿಟ್ಬಿ ಎಂಬ ಕಡಲೂರಿನಲ್ಲಿ ಹಿಲ್ಡಾ ಎಂಬ ಸಂತಳು ಹಾವುಗಳನ್ನು ಕಲ್ಲಾಗಿಸಿದಳೆಂದು ಜನ ನಂಬಿದ್ದರು. ಕಲ್ಲುಹಾವಿಗೆ ತಲೆಯಿಲ್ಲವೆಂದು ಗಿರಾಕಿಗಳು ಕೇಳಿದಾಗ ವ್ಯಾಪಾರಿಗಳು ಉಳಿಯಿಂದ ತಲೆಯನ್ನು ಕೆತ್ತಿ ಮಾರುತ್ತಿದ್ದರು! ಬೆಲೆ ಬಂದೆಡೆಗೆ ಮೋಸವೂ ಬರುತ್ತದೆಂಬುದಕ್ಕೆ ಇದು ಸಾಕ್ಷಿ. ಯಂತ್ರದಿಂದ ಚಕ್ರ ಕೊರೆದ ಹುಸಿ ಸಾಲಗ್ರಾಮಗಳು ನಮ್ಮ ತೀರ್ಥಕ್ಷೇತ್ರಗಳ ಅಂಗಡಿಗಳಿಗೂ ಬಂದಿವೆ.

ಇವು ನಿಜವಾಗಿಯೂ ಜೀವಿಗಳ ಅವಶೇಷಗಳೆಂದು ವಾದಿಸಿದವರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಮುಖ್ಯನಾದವನು. ಅವನು ಚಿಪ್ಪಿನೊಳಗಿನ ಕೋಣೆಗಳನ್ನು ಪರಿಶೀಲಿಸಿ, ಬದುಕಿರುವ ನಾಟಿಲಸ್ ಎಂಬ ಕಡಲಜೀವಿಯ ಚಿಪ್ಪಿನೊಡನೆ ಹೋಲಿಸಿದನು. ಅವನ ಈ ಉಪನ್ಯಾಸಗಳು ಅಚ್ಚಾದುದು ಅವನು ತೀರಿಕೊಂಡ ಮೇಲೆ, 1705ರಲ್ಲಿ. ಭಾರತವನ್ನು ಸಂಚರಿಸಿದ ಫ್ರೆಂಚ್ ಪ್ರವಾಸಿ ಸೊನ್ನೆರಾ 1782ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಲ್ಲಿಯವರು ಪೂಜಿಸುವ ಸಾಲಗ್ರಾಮ ಕಲ್ಲಾದ ಅಮ್ಮನ್ ಕೊಂಬೇ ಎಂದು ಗುರುತಿಸಿದನು. ಸಾಲಗ್ರಾಮಗಳಲ್ಲಿ ಕಾಣುವ ಒಂದು ಜಾತಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರು ಬ್ಲಾನ್‌ಫೋರ್ಡಿಸೆರಾಸ್ ವಾಲಿಚಿ. ಇದರಲ್ಲಿ ಭಾರತದ ಭೂಸರ್ವೇಕ್ಷಣದಲ್ಲಿ ದುಡಿದ ಬ್ಲಾನ್‌ಫೋರ್ಡನ ಹೆಸರೂ, ನೇಪಾಳದಲ್ಲಿ ಸಸ್ಯಗಳನ್ನು ಸಂಗ್ರಹಿಸಿದ ವಾಲಿಚ್ಚನ ಹೆಸರೂ ಕೂಡಿವೆ. ನಡುವಿನ ಸೆರಾಸ್ ಎಂದರೆ ಗ್ರೀಕಿನಲ್ಲಿ ಕೊಂಬು. ನಮ್ಮವರು ದೇವರ ಹೆಸರಿಟ್ಟರು, ಅವರು ಸಂಗ್ರಾಹಕರ ಹೆಸರಿಟ್ಟರು.

ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ದೇಶದಲ್ಲಿ ಹೊಸ ಬಗೆಯ ಸಂಗ್ರಹ ಮೊದಲಾಯಿತು. 1840ರ ಸುಮಾರಿಗೆ ಮದರಾಸು ಸರಕಾರದ ಅಧಿಕಾರಿಗಳಾದ ಕೇ ಮತ್ತು ಕನ್ಲಿಫ್ ಎಂಬವರು ಪುದುಚ್ಚೇರಿ, ವೃದ್ಧಾಚಲ, ತಿರುಚಿರಾಪಳ್ಳಿಗಳ ಸುತ್ತಿನಲ್ಲಿ ಕಲ್ಲಾದ ಚಿಪ್ಪುಗಳನ್ನು ಆಯ್ದು ಲಂಡನ್ನಿಗೆ ಕಳುಹಿಸಿದರು. ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ಅವುಗಳನ್ನು ವರ್ಣಿಸಿದನು. ಅನಂತರ ಬ್ಲಾನ್‌ಫೋರ್ಡನು ಆ ಸೀಮೆಯ ಶಿಲಾಸ್ತರಗಳನ್ನು ಅಳೆದು ಊಟತ್ತೂರು, ತಿರುಚಿರಾಪಳ್ಳಿ, ಅರಿಯಲೂರು ಎಂಬ ಮೂರು ಗುಂಪುಗಳಾಗಿ ವಿಂಗಡಿಸಿದನು. ಅಲ್ಲಿಯ ಅಮ್ಮೊನೈಟುಗಳನ್ನು ಒಂದೊಂದಾಗಿ ಚಿತ್ರಸಹಿತ ವರ್ಣಿಸಿದವನು ಫರ್ಡಿನಾಂಡ್ ಸ್ಟೊಲಿಚ್ಕಾ. ಮೊರಾವಿಯಾದಲ್ಲಿ 1838ರಲ್ಲಿ ಹುಟ್ಟಿದ ಈತ 1862ರಲ್ಲಿ ಕಲ್ಕತ್ತೆಗೆ ಬಂದು ಭೂಸರ್ವೇಕ್ಷಣ ಇಲಾಖೆಯನ್ನು ಸೇರಿದನು. ಹಿಮಾಲಯದ ಸ್ಪಿತಿ ಕಣಿವೆಯನ್ನು ಸುತ್ತಿದನು. ಕಚ್ಛದ ಬಿಸಿಲಿನಲ್ಲಿ ಅಲೆದು ಅಲ್ಲಿಯ ಸ್ತರಗಳಿಗೆ ಪಚ್ಛಂ, ಚಾರಿ, ಕತ್ರೋಲ್, ಉಮಿಯಾ ಎಂದು ಆಯಾ ಊರುಗಳ ಹೆಸರನ್ನೇ ಇಟ್ಟನು. ಯಾರ್ಕಂದದ ನಿಯೋಗದಿಂದ ಹಿಂದಿರುಗುತ್ತ 1874ರ ಜೂನಿನಲ್ಲಿ ಲಡಾಖಿನ ಎತ್ತರದಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ತೀರಿಕೊಂಡನು. ಅವನ ಸಮಾಧಿ ಲೇಹ್‌ನಲ್ಲಿದೆ. ಇವನೂ ಒಬ್ಬ ಯಾತ್ರಿಕನೇ. ಮನೆಯವರಿಗೆ ಕಡೆಯ ಮಾತು ಹೇಳಿ ಹೊರಟವರ ಸಾಲಿಗೇ ಸೇರಿದವನು.

ಸ್ಟೊಲಿಚ್ಕಾ ಸತ್ತರೂ ಅವನ ಸಂಗ್ರಹ ಸಾಯಲಿಲ್ಲ. ಕಚ್ಛದಲ್ಲಿ ಅವನು ಕೂಡಿಸಿದ ಅಮ್ಮೊನೈಟುಗಳನ್ನು ವಾಗೆನ್ ಎಂಬ ವಿದ್ವಾಂಸನು ಪರೀಕ್ಷಿಸಿ 1873ರಿಂದ 1875ರವರೆಗೆ ಗ್ರಂಥವಾಗಿ ಪ್ರಕಟಿಸಿದನು. ಸ್ಪಿತಿಯ ಜೇಡಿಗಲ್ಲಿನ ಜೀವಿಗಳ ಮೇಲೆ ಊಲಿಗ್ ಎಂಬವನು 1903ರಿಂದ 1910ರವರೆಗೆ ಬರೆದನು. ಕಚ್ಛದ ಅಮ್ಮೊನೈಟುಗಳನ್ನು ಲಂಡನ್ನಿನ ಸ್ಪಾತ್ 1927ರಿಂದ 1933ರವರೆಗೆ ಮತ್ತೆ ಪರಿಷ್ಕರಿಸಿದನು. ಒಬ್ಬನು ಆಯ್ದುದನ್ನು ಇನ್ನೊಬ್ಬನು ಓದುವುದು, ಅವನ ತಪ್ಪನ್ನು ಮೂರನೆಯವನು ತಿದ್ದುವುದು ಹೇಗೆ ಸಾಧ್ಯವಾಯಿತು? ಕಲ್ಲಿನ ಜೊತೆಗೆ ಒಂದು ಚೀಟಿ ಇದ್ದುದರಿಂದ. ಇಂಥ ಊರು, ಇಂಥ ಹಳ್ಳ, ಇಂಥ ಸ್ತರ, ಇಂಥವರು ಆಯ್ದದ್ದು ಎಂದು ಆ ಚೀಟಿ ಹೇಳುತ್ತದೆ. ಅಮ್ಮೊನೈಟಿನ ಜಾತಿಗಳು ಬೇಗ ಬೇಗ ಹುಟ್ಟಿ ಬೇಗ ಬೇಗ ಅಳಿದವು. ಆದುದರಿಂದ ಯಾವ ಜಾತಿ ಯಾವ ಪದರದಲ್ಲಿದೆಯೆಂದು ತಿಳಿದರೆ ಆ ಪದರದ ಕಾಲವೇ ತಿಳಿಯುತ್ತದೆ. ಪದರವನ್ನು ಮರೆತರೆ ಎಂತಹ ಅಪೂರ್ವವಾದ ಅಮ್ಮೊನೈಟಾದರೂ ಅರ್ಧ ಮೂಕವಾದಂತೆ.

ನಮ್ಮ ಸಂಗ್ರಹದ ಕೊರತೆ ಇರುವುದು ಇಲ್ಲಿಯೇ. ಇದನ್ನು ಪರರ ಮೇಲೆ ಹೊರಿಸದೆ ನನ್ನ ಮನೆಯ ಕಥೆಯನ್ನೇ ಹೇಳುತ್ತೇನೆ. ಮರ್ಕಂಜದ ನಮ್ಮ ಮೂಲದ ಮನೆಯಲ್ಲಿ ಹನ್ನೆರಡು ಸಾಲಗ್ರಾಮಗಳಿದ್ದವು. ಅಜ್ಜನು ಬೆಳಗಿನ ಕತ್ತಲಲ್ಲಿ, ದೀಪ ಹಚ್ಚುವ ಮೊದಲೇ, ಕೈಗೆ ಬಂದ ಕಲ್ಲನ್ನು ಬೆರಳಿನಿಂದ ಸವರಿ ಅದರ ಹೆಸರು ಹೇಳುತ್ತಿದ್ದನು. ಹೆಸರಿನೊಡನೆ ಕಥೆಯೂ ಇರುತ್ತಿತ್ತು: ಇದು ಕಾಶಿಗೆ ನಡೆದು ಹೋದ ಹಿರಿಯರು ತಂದದ್ದು, ಇದು ಸನ್ಯಾಸಿಯೊಬ್ಬರು ಮಳೆಗಾಲದಲ್ಲಿ ನಮ್ಮಲ್ಲಿ ತಂಗಿದ್ದಾಗ ಕೊಟ್ಟದ್ದು, ಇದು ಅಜ್ಜಿಯ ತವರಿನದ್ದು. ನಾನು ಪಂಡಿತ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ಆತನು ಒಮ್ಮೆ, “ನಿನಗೆ ಬರೆಯಲು ಬರುತ್ತದೆ, ಇವುಗಳದ್ದನ್ನೆಲ್ಲ ಬರೆದಿಡು” ಎಂದನು. ಪರೀಕ್ಷೆ ಮುಗಿಯಲಿ ಎಂದೆ. ಪರೀಕ್ಷೆ ಮುಗಿಯಿತು, ಬೇರೂರಿನಲ್ಲಿ ಕೆಲಸವಾಯಿತು. ರಜೆಯಲ್ಲಿ ಬರೆದರಾಯಿತು ಎಂದುಕೊಂಡೆ. ಎರಡನೆಯ ವರ್ಷದ ಮಳೆಗಾಲದಲ್ಲಿ ಅಜ್ಜನು ತೀರಿಕೊಂಡನು.

ಮುಂದೆ ಮನೆ ಪಾಲಾಯಿತು. ತೋಟವನ್ನು ಸಂಕೋಲೆ ಹಿಡಿದು ಅಳೆದರು. ಪಾತ್ರೆಗಳನ್ನು ಎಣಿಸಿ ಪಟ್ಟಿ ಮಾಡಿದರು. ಸಾಲಗ್ರಾಮಗಳನ್ನು ಮೂವರಿಗೆ ನಾಲ್ಕು ನಾಲ್ಕರಂತೆ ಹಂಚಿದರು. ಸಂಖ್ಯೆ ಸಮನಾಯಿತು, ಸಂಗ್ರಹ ಚೆದುರಿತು. ನನ್ನ ತಂದೆಯವರಿಗೆ ಮೂರರ ಹೆಸರು ನೆನಪಿತ್ತು. ನನಗೆ ಈಗ ಒಂದೇ ಒಂದರ ಗುರುತು ಉಂಟು. ಬಾಯಿ ಅಗಲವಾದ್ದರಿಂದ ಅದನ್ನು ನರಸಿಂಹನೆಂದು ಬಲ್ಲೆ. ಉಳಿದ ಮೂರನ್ನು ಪೂಜೆ ಮಾಡುತ್ತೇನೆ, ಆದರೆ ಹೆಸರು ಹಿಡಿದು ಕರೆಯಲಾರೆ. ಕಲ್ಲುಗಳು ಒಂದೂ ಸವೆದಿಲ್ಲ. 15 ಕೋಟಿ ವರ್ಷ ಉಳಿದ ಚಕ್ರ ಹಾಗೆಯೇ ಇದೆ. ಅಳಿದುಹೋದದ್ದು ಒಬ್ಬ ಮುದುಕನ ಬಾಯಲ್ಲಿದ್ದ, ಅರ್ಧ ದಿನದಲ್ಲಿ ಬರೆದುಕೊಳ್ಳಬಹುದಾಗಿದ್ದ ಮಾತು.

ಭಾಷೆಯನ್ನು ಓದಿದವನಾದ್ದರಿಂದ ನನಗೆ ಇಲ್ಲಿ ಒಂದು ಪದದ ನೆನಪಾಗುತ್ತದೆ. ಇಂತಹ ಕಲ್ಲುಗಳಿಗೆ ನಾವು ಕನ್ನಡದಲ್ಲಿ ‘ಪಳೆಯುಳಿಕೆ’ ಎನ್ನುತ್ತೇವೆ. ಹಳೆಯದರ ಉಳಿಕೆ ಎಂದು ಅರ್ಥ. ಹಳಗನ್ನಡದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು. ‘ಪಾಲ್’ ಹಾಲಾಯಿತು, ‘ಪುಲಿ’ ಹುಲಿಯಾಯಿತು. ನಮ್ಮ ನೆರೆಯ ತುಳುವಿನಲ್ಲಿ ಇಂದಿಗೂ ಹುಲಿ ‘ಪಿಲಿ’ಯೇ. ಎಲ್ಲ ಕಡೆ ‘ಹಳೆ’ ಎಂದಾದರೂ ಈ ಒಂದು ಪದದಲ್ಲಿ ಆ ಹಿಂದಿನ ಪಕಾರವನ್ನು ಉಳಿಸಿಕೊಂಡಿದ್ದೇವೆ. ಶಾಸನಗಳು, ಓಲೆಗರಿಗಳು ಇದ್ದುದರಿಂದ ಭಾಷೆಯ ಈ ಬದಲಾವಣೆಯನ್ನು ಕಾಲಕಾಲಕ್ಕೆ ಗುರುತಿಸಲು ವಿದ್ವಾಂಸರಿಗೆ ಸಾಧ್ಯವಾಯಿತು. ಬರೆಹವೇ ಇಲ್ಲದಿದ್ದರೆ ‘ಪ’ ಎಂದು ‘ಹ’ ಆಯಿತೆಂದು ಯಾರು ಹೇಳಬಲ್ಲವರಾಗಿದ್ದರು? ಭೂಮಿಗೆ ಸ್ತರ ಹೇಗೋ ಭಾಷೆಗೆ ಬರೆಹ ಹಾಗೆ. ಮನೆಯ ಸಂಗ್ರಹಕ್ಕೂ ಇದೇ ಮಾತು.

ತರಗತಿಯಲ್ಲಿ ಈ ವಿಷಯ ಬಂದಾಗ ಹುಡುಗನೊಬ್ಬನು, “ಹಾಗಾದರೆ ಅದು ದೇವರೋ ಪ್ರಾಣಿಯೋ?” ಎಂದು ಕೇಳಿದನು. ಮಕ್ಕಳು ನಕ್ಕರು, ಆದರೆ ಪ್ರಶ್ನೆ ನಗುವಂತಹುದಲ್ಲ. ಚಿಪ್ಪಿನ ಸಂಗತಿ ತಿಳಿದುದರಿಂದ ನನ್ನ ಪೂಜೆಗೆ ಊನ ಬಂದಿಲ್ಲ, ಪೂಜೆ ಮಾಡುವುದರಿಂದ ಚಿಪ್ಪಿನ ಸಂಗತಿ ಸುಳ್ಳಾಗಿಲ್ಲ ಎಂದು ನಾನು ಉತ್ತರ ಹೇಳಿದೆ. ಸಾಲಗ್ರಾಮಕ್ಕೆ ಪ್ರಾಣಪ್ರತಿಷ್ಠೆ ಬೇಡವೆಂದು ಶಾಸ್ತ್ರವೇ ಹೇಳುತ್ತದೆ. ಮನುಷ್ಯನು ಕೆತ್ತಿದ ಮೂರ್ತಿಗೆ ಮಾತ್ರ ಅದು ಬೇಕು. ಒಡೆದ ವಿಗ್ರಹ ಪೂಜೆಗೆ ಸಲ್ಲದು, ಆದರೆ ಒಡೆದ ಸಾಲಗ್ರಾಮಕ್ಕೆ ದೋಷವಿಲ್ಲವೆಂಬ ಮಾತೂ ಉಂಟು. ಹೀಗಾಗಿ ಅದನ್ನು ಎಸೆಯಬೇಕಾದ ಸಂದರ್ಭವೇ ನಮ್ಮ ಹಿರಿಯರಿಗೆ ಬರುತ್ತಿರಲಿಲ್ಲ. ನಮಗೆ ಬಂದಿದೆ. ಮಕ್ಕಳು ದೂರದ ನಗರಗಳಿಗೆ ಹೋಗುತ್ತಾರೆ, ದೇವರ ಕೋಣೆಗೆ ಬೀಗ ಬೀಳುತ್ತದೆ. ಪೂಜೆ ನಡೆಯದ ಸಾಲಗ್ರಾಮ ಮನೆಯಲ್ಲಿರಬಾರದೆಂದು ಅಂಜಿ ಹೊಳೆಗೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಗಂಡಕಿಯಿಂದ ಹೆಗಲ ಮೇಲೆ ಬಂದದ್ದು ಹೀಗೆ ಪಯಸ್ವಿನಿಯ ಪಾಲಾದರೆ ಅದನ್ನು ಮರಳಿ ಹುಡುಕುವವರಾರು?

ಆದ ಕಾರಣ ಸಾಲಗ್ರಾಮಗಳುಳ್ಳ ಮನೆಯವರಲ್ಲಿ ನನ್ನ ಬಿನ್ನಹ ಇಷ್ಟೆ. ಒಳಗೇನಿದೆಯೆಂದು ನೋಡುವ ಕುತೂಹಲದಿಂದ ಅವುಗಳನ್ನು ಒಡೆಯಬೇಡಿ. ಬೆಲೆ ಕೇಳುತ್ತ ಬರುವವರಿಗೆ ಕೊಡಬೇಡಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಇಂದೇ ಕೇಳಿರಿ. ಒಂದು ನೋಟುಪುಸ್ತಕದಲ್ಲಿ, ಇಂಥ ಗಾತ್ರದ್ದು, ಇಷ್ಟು ಚಕ್ರವುಳ್ಳದ್ದು, ಇಂಥ ಹೆಸರಿನದ್ದು, ಇಂಥವರು ಇಂಥಲ್ಲಿಂದ ತಂದದ್ದು ಎಂದು ಬರೆಯಿರಿ. ಒಂದು ಭಾವಚಿತ್ರವನ್ನೂ ತೆಗೆದು ಅಂಟಿಸಿರಿ. ಹೆಸರು ತಿಳಿಯದಿದ್ದರೆ ತಿಳಿಯದೆಂದೇ ಬರೆಯಿರಿ. ಅದೂ ಒಂದು ದಾಖಲೆಯೇ. ಪಾಲಾಗುವಾಗ ಯಾವುದು ಯಾರ ಮನೆಗೆ ಹೋಯಿತೆಂದು ಗುರುತು ಹಾಕಿರಿ. ಪೂಜೆ ನಡೆಸಲಾಗದವರು ಅವುಗಳನ್ನು ನೀರಿಗೆ ಬಿಡುವ ಮೊದಲು, ನಡೆಸಬಲ್ಲ ಮನೆಗೋ ಮಠಕ್ಕೋ ಆ ಪುಸ್ತಕದ ಸಮೇತ ಒಪ್ಪಿಸಲಿ.

ನಾನು ಕಳೆದ ದಸರೆಯ ರಜೆಯಲ್ಲಿ ಮರ್ಕಂಜಕ್ಕೆ ಹೋಗಿ, ದಾಯಾದಿಗಳ ಎರಡು ಮನೆಗಳ ಸಾಲಗ್ರಾಮಗಳನ್ನೂ ನೋಡಿ, ನಮ್ಮಲ್ಲಿರುವ ನಾಲ್ಕನ್ನೂ ಸೇರಿಸಿ ಹನ್ನೆರಡರ ಪಟ್ಟಿ ಮಾಡಿದೆ. ಅವರಲ್ಲಿ ಒಬ್ಬ ವೃದ್ಧೆಗೆ, ಚಿನ್ನದ ಗೆರೆಯುಳ್ಳ ಒಂದು ಸಣ್ಣ ಕಲ್ಲು ಅಜ್ಜಿಯ ತವರಿನದೆಂದು ನೆನಪಿತ್ತು. ಹನ್ನೆರಡರಲ್ಲಿ ಐದಕ್ಕೆ ಹೆಸರು ಸಿಕ್ಕಿತು. ಉಳಿದ ಏಳರ ಎದುರಿಗೆ ಜಾಗ ಬಿಟ್ಟಿದ್ದೇನೆ.